ಗೋಡೆ ತೊಳೆದ ಕಥೆ: ಸುಣ್ಣದ ಕುಂಚದಿಂದ ನೀರಿನ ಗನ್ನಿನವರೆಗೆ

ಮನೆಗೆ "ಸುಣ್ಣಬಣ್ಣ ಮಾಡಿಸಿದೆವು" ಅಂತ ನಾವೆಲ್ಲ ಈಗಲೂ ಹೇಳುತ್ತೇವೆ. ಸುಣ್ಣದ ಡಬ್ಬಿಯನ್ನು ಎಲೆಯಡಿಕೆ ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡದ ಅಪಾರ್ಟ್‌ಮೆಂಟಿನವರೂ ಹಾಗೇ ಹೇಳುತ್ತಾರೆ. ಗೋಡೆಯ ಮೇಲಿಂದ ಸುಣ್ಣ ಹೋಗಿ ಎಷ್ಟೋ ಕಾಲವಾಯಿತು, ಬಾಯಿಂದ ಮಾತ್ರ ಹೋಗಿಲ್ಲ. ಹೋಗಲಿ, ಆ ಬಣ್ಣ ಹಚ್ಚುವ ಹಿಂದಿನ ದಿನ ಗೋಡೆಗೆ ಏನು ಮಾಡುತ್ತಿದ್ದರು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಬಣ್ಣದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೂ ಮುಂಚಿನ ಕೆರೆಯುವುದು, ಉಜ್ಜುವುದು, ತೊಳೆಯುವುದರ ಬಗ್ಗೆ ಬರೆದವರು ಕಡಿಮೆ. ಅದು ಕೂಲಿಯವರ ಕೆಲಸ ನೋಡಿ, ಚರಿತ್ರೆಗೆ ಬೇಡವಾದದ್ದು.

ಈಗ ಊರೂರಿನಲ್ಲೂ ಪೇಂಟಿಂಗ್ ಕಂಟ್ರಾಕ್ಟರುಗಳು ನೀರಿನ ಗನ್ ತರತೊಡಗಿದ್ದಾರೆ. ಬೈಕು, ಕಾರುಗಳಿಗೆ "ವಾಟರ್ ಸರ್ವಿಸ್" ಮಾಡುವ ಅಂಗಡಿಯಲ್ಲಿ ನೋಡಿರುತ್ತೀರಲ್ಲ, ಅದೇ ಜಾತಿಯದು. ಟ್ರಿಗರ್ ಒತ್ತಿದರೆ ಸುರ್ರ್ ಅಂತ ನೀರು ಚಿಮ್ಮುತ್ತದೆ; ಮೂರು ಮಳೆಗಾಲದ ಪಾಚಿ ಮೂರು ನಿಮಿಷದಲ್ಲಿ ಮಾಯ. ನೋಡುವುದಕ್ಕೇ ಒಂಥರಾ ಖುಷಿ. ಆದರೆ ಈ ಯಂತ್ರ ಯಾವ ಗೋಡೆಗಾಗಿ ಹುಟ್ಟಿತು, ಯಾವ ಗೋಡೆಯ ಮೇಲೆ ಬಂದು ನಿಂತಿದೆ ಅನ್ನುವುದನ್ನು ನೋಡುತ್ತಾ ಹೋದರೆ ಕಥೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಸ್ವಲ್ಪ ಉದ್ದದ ಬರಹ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಓದಿ :-)

ಮೊದಲು ಸುಣ್ಣದಿಂದಲೇ ಶುರು ಮಾಡೋಣ.

ಸುಣ್ಣದ ಕಲ್ಲನ್ನೋ ಕರಾವಳಿಯಲ್ಲಾದರೆ ಚಿಪ್ಪನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತದೆ. ಅರಳಿದ ಸುಣ್ಣವನ್ನು ಸೋಸಿ, ಅಂಟು ಬೆರೆಸಿ, ಬಿಳುಪು ಎದ್ದು ಕಾಣಲೆಂದು ಚಿಟಿಕೆ ನೀಲಿ ಹಾಕಿ, ನಾರಿನ ಕುಂಚದಿಂದ ಗೋಡೆಗೆ ಬಳಿಯುತ್ತಿದ್ದರು. ಬಳಿದ ಮೇಲೆ ನಡೆಯುವುದೇ ನಿಜವಾದ ಚಮತ್ಕಾರ. ಗೋಡೆಯ ಮೇಲಿನ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ವಾಪಸ್ ಎಳೆದುಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಅಂದರೆ ನಮ್ಮ ಅಜ್ಜ ಅಜ್ಜಿಯರು ಪ್ರತಿ ವರ್ಷ ಗೋಡೆಗೆ ಹಚ್ಚುತ್ತಿದ್ದದ್ದು ಈಗಿನ ಅರ್ಥದ ಪೇಂಟ್ ಅಲ್ಲ, ಕಾಗದದಷ್ಟು ತೆಳುವಾದ ಒಂದು ಪದರ ಕಲ್ಲು!

ಈ ಸುಣ್ಣಕ್ಕೆ ಗೋಡೆಯನ್ನು ತೊಳೆದು ಒಣಗಿಸಿಕೊಡುವ ಅಗತ್ಯವೇ ಇರಲಿಲ್ಲ. ಎದ್ದು ಬಂದ ಸಿಪ್ಪೆಯನ್ನು ಕೆರೆದು, ಜೇಡರ ಬಲೆ ಗುಡಿಸಿ, ಗೋಡೆಗೆ ನೀರು ಚಿಮುಕಿಸಿದರೆ ಆಯಿತು. ಒಣಗಿದ ಗೋಡೆಯಾದರೆ ಸುಣ್ಣದ ನೀರನ್ನು ಗಬಕ್ಕನೆ ಹೀರಿಕೊಂಡು ಪುಡಿ ಉದುರುವಂತೆ ಮಾಡುತ್ತದೆ. ಹಸಿ ಗೋಡೆಯಾದರೆ ಕಚ್ಚಿಕೊಳ್ಳುತ್ತದೆ. ಇನ್ನು ಪಾಚಿ, ಹಾವಸೆ, ಕ್ರಿಮಿಕೀಟಗಳ ಮಾತು. ಹಸಿ ಸುಣ್ಣದ ಕ್ಷಾರ ಎಷ್ಟು ತೀಕ್ಷ್ಣವೆಂದರೆ ಅವು ಬದುಕುವ ಮಾತೇ ಇಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ತೆಗೆಯುವಂಥ ವಸ್ತು ಅದು. ಹಾಗಾಗಿ ಸುಣ್ಣ ಹೊಡೆಯುವುದು ಅಂದರೆ ತೊಳೆಯುವುದು, ಕ್ರಿಮಿ ಕೊಲ್ಲುವುದು, ಬಣ್ಣ ಹಚ್ಚುವುದು ಮೂರೂ ಒಂದೇ ಏಟಿಗೆ.

ಇಂಗ್ಲಿಷಿನವರು ಇದನ್ನು ವೈಟ್‌ವಾಶ್ ಅನ್ನುತ್ತಾರೆ. ಹೆಸರಿನಲ್ಲೇ ವಾಶ್ ಇದೆ, ಗಮನಿಸಿ. ಬ್ರಿಟನ್ನಿನಲ್ಲಿ 1802ರಲ್ಲಿ ಹತ್ತಿ ಗಿರಣಿಗಳ ಎಳೆಯ ಕೆಲಸಗಾರರ ಆರೋಗ್ಯಕ್ಕೆಂದು ಒಂದು ಕಾನೂನು ಬಂತು. ಗಿರಣಿಯ ಗೋಡೆಗಳನ್ನು ವರ್ಷಕ್ಕೆ ಎರಡು ಸಲ ಸುಣ್ಣ ನೀರಿನಿಂದ ತೊಳೆಯಬೇಕು ಅನ್ನುವುದು ಅದರ ಒಂದು ನಿಯಮ. ಬಣ್ಣ ಹಚ್ಚಬೇಕು ಅಂತಲ್ಲ, ತೊಳೆಯಬೇಕು ಅಂತ. ನಮ್ಮಲ್ಲೂ 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಸರ್ಕಾರದವರು ಮನೆಮನೆಗೆ ಸುಣ್ಣ ಹೊಡೆಸಿದರು. 1898ರಲ್ಲಿ ಅದೇ ಮಾರಿ ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಗಲಾಟೆಯ ನಂತರ. ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣ ಹೊಡೆಯುವುದು ನಮಗೆ ಹಬ್ಬದ ಸಡಗರವಾಗಿ ಕಂಡರೂ, ಅದರೊಳಗೆ ವರ್ಷಕ್ಕೊಮ್ಮೆ ಮನೆಯನ್ನು ತೊಳೆದುಬಿಡುವ ಲೆಕ್ಕಾಚಾರವೂ ಇತ್ತು.

ಹಾಗಾದರೆ ಗೋಡೆಯನ್ನು ಬೇರೆಯಾಗಿ ತೊಳೆಯಬೇಕಾದ ದಿನ ಬಂದದ್ದು ಯಾವಾಗ? ಇದಕ್ಕೆ ಉತ್ತರ ಬೇಕೆಂದರೆ ಮರದ ಮನೆಗಳ ದೇಶಕ್ಕೆ ಹೋಗಬೇಕು. ಅಮೆರಿಕದಲ್ಲಿರುವ ನಮ್ಮ ಬ್ಲಾಗ್ ಮಿತ್ರರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿನ ಹಳೆಯ ಮನೆಗಳ ಹೊರಮೈ ಅಂದರೆ ಒಂದರ ಮೇಲೊಂದು ಹೊದಿಸಿದ ಮರದ ಹಲಗೆಗಳು. ಮರವನ್ನು ಮಳೆ ಬಿಸಿಲಿನಿಂದ ಕಾಪಾಡಲು ಅಗಸೆ ಎಣ್ಣೆಯಲ್ಲಿ ಕಲಸಿದ ಬಿಳಿ ಸೀಸ ಹಚ್ಚುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಅಮೆರಿಕದ ಚಿತ್ರಗಳಲ್ಲಿ ಕಾಣುವ ಆ ಬಿಳೀ ಬಿಳೀ ಮನೆಗಳ ಬಿಳುಪೆಲ್ಲ ಬಹುಪಾಲು ಸೀಸದ್ದು.

ಸೀಸದ ಬಣ್ಣ ವಿಷ, ಅದು ಆಮೇಲೆ. ಆದರೆ ಅದಕ್ಕೊಂದು ವಿಚಿತ್ರ ಗುಣ ಇತ್ತು. ವಯಸ್ಸಾದಂತೆ ಅದು ದೊಡ್ಡ ದೊಡ್ಡ ಚಕ್ಕೆಯಾಗಿ ಏಳುವ ಬದಲು ಸೀಮೆಸುಣ್ಣದ ಹಾಗೆ ಸಣ್ಣಗೆ ಪುಡಿಯಾಗುತ್ತಾ, ಮಳೆಯಲ್ಲಿ ತೊಳೆದುಹೋಗುತ್ತಾ ಸವೆಯುತ್ತಿತ್ತು. ಐದಾರು ವರ್ಷದ ಮೇಲೆ ಮತ್ತೆ ಬಣ್ಣ ಹಚ್ಚುವವನಿಗೆ ಧೂಳು ಕೊಡವುವುದು, ಅಲ್ಲಲ್ಲಿ ಕೆರೆಯುವುದು ಇಷ್ಟೇ ಕೆಲಸ. ಪುಡಿ ಉಳಿದಿದ್ದರೂ ಹೊಸ ಬಣ್ಣದ ಎಣ್ಣೆ ಅದರೊಳಕ್ಕೆ ಇಳಿದು ಹಿಡಿದುಕೊಳ್ಳುತ್ತಿತ್ತು. ನೋಡಿ, ಸುಣ್ಣಕ್ಕೂ ಸೀಸಕ್ಕೂ ಎಲ್ಲಿಂದೆಲ್ಲಿಯ ಸಂಬಂಧ! ಆದರೂ ಒಂದು ವಿಷಯದಲ್ಲಿ ಎರಡೂ ಒಂದೇ. ಎರಡರಲ್ಲೂ ಮುಂದಿನ ಬಣ್ಣಕ್ಕೆ ಗೋಡೆಯನ್ನು ತಯಾರು ಮಾಡುವ ಕೆಲಸದ ಅರ್ಧ ಪಾಲನ್ನು ಮಳೆ, ಬಿಸಿಲುಗಳೇ ಮಾಡಿ ಮುಗಿಸುತ್ತಿದ್ದವು.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಎರಡನೇ ಮಹಾಯುದ್ಧ. ಯುದ್ಧಕಾಲದಲ್ಲಿ ಕೃತಕ ರಬ್ಬರ್ ಮಾಡಲು ಕಲಿತ ಕೆಮಿಸ್ಟರು ಯುದ್ಧ ಮುಗಿದ ಮೇಲೆ ಅದೇ ವಿದ್ಯೆಯಿಂದ ನೀರಿನಲ್ಲಿ ಕರಗಿಸುವ ಬಣ್ಣ ಮಾಡಿದರು. ಗ್ಲಿಡನ್ ಕಂಪನಿಯ ಸ್ಪ್ರೆಡ್ ಸ್ಯಾಟಿನ್ ಬಂದದ್ದು 1948ರಲ್ಲಿ. 1953ರಲ್ಲಿ ರೋಮ್ ಅಂಡ್ ಹಾಸ್ ಕಂಪನಿ ಅಕ್ರಿಲಿಕ್ ಎಮಲ್ಷನ್ ತಂದಿತು. ನಾವು ಈಗ ಪ್ಲಾಸ್ಟಿಕ್ ಪೇಂಟ್, ಎಮಲ್ಷನ್ ಅಂತೆಲ್ಲ ಕರೆಯುವುದರ ಮೂಲ ಪುರುಷರು ಇವರು. ವಾಸನೆ ಕಡಿಮೆ, ಬೇಗ ಒಣಗುತ್ತದೆ, ಬ್ರಷ್ಷನ್ನು ನೀರಿನಲ್ಲೇ ತೊಳೆಯಬಹುದು... ಎಲ್ಲ ಸರಿ. ಆದರೆ ಇದು ಗೋಡೆಯೊಳಕ್ಕೆ ಇಳಿಯುವ ಬಣ್ಣ ಅಲ್ಲ, ಗೋಡೆಯ ಮೇಲೆ ತೆಳು ಹಾಳೆಯಂತೆ ಕೂರುವ ಬಣ್ಣ. ಅಂಟಿಸುವ ಟೇಪನ್ನು ಧೂಳಿನ ಮೇಲೆ ಅಂಟಿಸಿದರೆ ಏನಾಗುತ್ತದೆ? ಟೇಪು ಧೂಳಿಗೆ ಅಂಟುತ್ತದೆ, ಗೋಡೆಗಲ್ಲ. ಹಾಗೇ ಇಲ್ಲೂ. ಹಳೇ ಬಣ್ಣದ ಪುಡಿ, ಧೂಳು, ಪಾಚಿ ಏನಿದ್ದರೂ ಮೇಲಿನ ಹಾಳೆ ಎದ್ದು ಬರುತ್ತದೆ. ಅಂತೂ ಬಣ್ಣ ಬದಲಾದ ಕೂಡಲೇ ತೊಳೆಯುವುದೂ ಕಡ್ಡಾಯವಾಯಿತು. ಚರಿತ್ರೆಯಲ್ಲಿ ಗೋಡೆ ತೊಳೆಯುವ ಯಂತ್ರಕ್ಕೆ ಜಾಗ ತೆರವಾದದ್ದು ಇಲ್ಲಿ.

ಯಂತ್ರ ಮಾತ್ರ ಆಗಲೇ ಹುಟ್ಟಿಕೊಂಡಿತ್ತು, ಗೋಡೆಗೆಂದು ಅಲ್ಲ! 1920ರ ದಶಕದ ಅಮೆರಿಕದಲ್ಲಿ ಫ್ರಾಂಕ್ ಓಫೆಲ್ಟ್ ಎಂಬಾತ ಒತ್ತಡದ ಹಬೆಯಿಂದ ಗ್ರೀಸ್ ತೆಗೆಯುವ ಯಂತ್ರ ಮಾಡಿದ. ಹೈಪ್ರೆಶರ್ ಜೆನ್ನಿ ಅಂತ ಅದರ ಹೆಸರು. ಗ್ಯಾರೇಜು, ಲಾರಿ, ಇಂಜಿನ್ನು ಇವೇ ಅದರ ಗಿರಾಕಿಗಳು. ಜರ್ಮನಿಯಲ್ಲಿ ಆಲ್ಫ್ರೆಡ್ ಕಾರ್ಖರ್ ಎಂಬ ಇಂಜಿನಿಯರ್ 1935ರಲ್ಲಿ ಕಂಪನಿ ಶುರು ಮಾಡಿ, 1950ರಲ್ಲಿ ಡಿಎಸ್ 350 ಎಂಬ ಬಿಸಿನೀರಿನ ಯಂತ್ರ ತಂದ. ಯುರೋಪಿನಲ್ಲಿ ಆ ಬಗೆಯ ಮೊದಲ ಯಂತ್ರ ಅದು. 1959ರಲ್ಲಿ ಆತ ತೀರಿಕೊಂಡ ಮೇಲೆ ಕಂಪನಿ ನಡೆಸಿದ್ದು ಹೆಂಡತಿ ಐರೀನ್. ಈ ಕಂಪನಿಯವರಿಗೆ ದೊಡ್ಡ ದೊಡ್ಡದನ್ನು ತೊಳೆಯುವ ಹುಚ್ಚು ಬೇರೆ. 1980ರಲ್ಲಿ ರಿಯೋದ ಏಸುವಿನ ಪ್ರತಿಮೆ ತೊಳೆದರು, 2005ರಲ್ಲಿ ಅಮೆರಿಕದ ಮೌಂಟ್ ರಶ್ಮೋರ್ ಬೆಟ್ಟದಲ್ಲಿ ಕೆತ್ತಿದ ನಾಲ್ಕು ಅಧ್ಯಕ್ಷರ ಮುಖ ತೊಳೆದರು. ಫ್ರಾನ್ಸಿನಲ್ಲಿ ಈ ಯಂತ್ರ ಯಾವ ಕಂಪನಿಯದಾದರೂ ಜನ ಕಾರ್ಖರ್ ಅಂತಲೇ ಕರೆಯುತ್ತಾರಂತೆ, ನಾವು ವನಸ್ಪತಿಗೆಲ್ಲ ಡಾಲ್ಡಾ ಅನ್ನುವ ಹಾಗೆ.

ಫ್ರಾನ್ಸ್ ಅಂದಮೇಲೆ ನೆನಪಾಯಿತು. ಕಟ್ಟಡಗಳ ಮುಖ ತೊಳೆಯಬೇಕು ಅಂತ ಕಾನೂನೇ ಮಾಡಿದ ಊರು ಪ್ಯಾರಿಸ್. 1852ರ ಒಂದು ಆಜ್ಞೆಯ ಪ್ರಕಾರ ಕಟ್ಟಡದ ಮುಂಭಾಗವನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಕೆರೆದೋ ಬಣ್ಣ ಹಚ್ಚಿಯೋ ಚೊಕ್ಕಟ ಮಾಡಬೇಕು. ಕಾನೂನೇನೋ ಇತ್ತು, ಪಾಲಿಸುವವರು ಯಾರು? 1959ರಲ್ಲಿ ಸಂಸ್ಕೃತಿ ಮಂತ್ರಿಯಾದ ಕಾದಂಬರಿಕಾರ ಆಂದ್ರೆ ಮಾಲ್ರೋ ಅದಕ್ಕೆ ಜೀವ ಕೊಟ್ಟ. ಕಲ್ಲಿದ್ದಲ ಹೊಗೆಗೆ ಕರ್ರಗಾಗಿದ್ದ ಊರನ್ನು ಸಾಲಾಗಿ ತೊಳೆಸಿದ. ಪ್ಯಾರಿಸ್ ಕಪ್ಪು ಊರು ಅಂದುಕೊಂಡೇ ಬೆಳೆದವರಿಗೆ ಅದರ ಕಲ್ಲು ಜೇನುಬಣ್ಣದ್ದು ಅಂತ ಗೊತ್ತಾದದ್ದು ಆಗ!

ಈ ಯಂತ್ರ ಕಾರ್ಖಾನೆ ಬಿಟ್ಟು ಮನೆಗೆ ಬಂದದ್ದು 1984ರಲ್ಲಿ. ಕಾರ್ಖರ್ ಕಂಪನಿ ಆ ವರ್ಷ ಎಚ್‌ಡಿ 555 ಅಂತ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಯಂತ್ರ ತಂದಿತು. ಮುಂದೆ ಅಮೆರಿಕದ ಉಪನಗರಗಳಲ್ಲಿ ಮನೆಗೆ ಪೇಂಟ್ ಮಾಡುವ ಮುಂಚೆ ಪವರ್ ವಾಶ್ ಮಾಡುವುದು ಮಾಮೂಲಿಯಾಯಿತು. ಬಾಡಿಗೆಗೂ ಸಿಗುತ್ತದೆ, ಶನಿವಾರ ತಂದರೆ ಭಾನುವಾರ ವಾಪಸ್.

ಇದರ ಶಕ್ತಿ ಎಷ್ಟು ಅನ್ನುವುದಕ್ಕೆ ಒಂದು ದೇಸಿ ಲೆಕ್ಕ ಹಾಕಿದೆ. ನಮ್ಮ ಮನೆಯ ತಾರಸಿ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ ಬರುವ ನೀರಿನ ಒತ್ತಡ ಅರ್ಧ ಬಾರ್‌ನಿಂದ ಒಂದು ಬಾರ್. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್. ಜೋಗದ ಎತ್ತರ 253 ಮೀಟರ್. ಅಷ್ಟೆತ್ತರದ ಒಂದು ಕೊಳವೆಯ ತುಂಬ ನೀರು ನಿಲ್ಲಿಸಿದರೆ ಅದರ ಬುಡದಲ್ಲಿ ಸುಮಾರು 25 ಬಾರ್ ಒತ್ತಡ. ಇದನ್ನು ನಾವು "ಒಂದು ಜೋಗ" ಅಂತ ಕರೆಯೋಣ :-) ಮನೆಬಳಕೆಯ ಸಣ್ಣ ಯಂತ್ರದ ಒತ್ತಡ 100ರಿಂದ 130 ಬಾರ್. ಅಂದರೆ ನಾಲ್ಕೈದು ಜೋಗ! ಕಂಟ್ರಾಕ್ಟರುಗಳ ದೊಡ್ಡ ಯಂತ್ರ 200 ಬಾರ್, ಎಂಟು ಜೋಗ. ಇಷ್ಟನ್ನು ಪೆನ್ಸಿಲ್ ಮೊನೆಯಷ್ಟು ತೂತಿನಿಂದ ಬಿಟ್ಟರೆ ಗೋಡೆಗೆ ಹೇಗಾಗಬೇಡ?

ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರು ಅಮೆರಿಕದ ಹಳೆಯ ಕಟ್ಟಡಗಳನ್ನು ಕಾಪಾಡುವ ಜನ. ಅಲ್ಲಿ 1970ರ ದಶಕದಲ್ಲಿ ಹಳೇ ಇಟ್ಟಿಗೆ ಕಟ್ಟಡಗಳಿಗೆ ಮರಳು ಹೊಡೆದು ಶುಚಿ ಮಾಡುವ ಚಟ ಹತ್ತಿತ್ತು. ಇಟ್ಟಿಗೆಯ ಸುಟ್ಟ ಗಟ್ಟಿ ಮೇಲ್ಮೈ ಹಾರಿಹೋಗಿ ಒಳಗಿನ ಮೆತ್ತನೆಯದು ಹೊರಬೀಳುತ್ತಿತ್ತು. ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ ಇಂಥದ್ದನ್ನು ತಡೆಯಲು ಕಿರುಹೊತ್ತಗೆಗಳನ್ನು ತರತೊಡಗಿತು. ಆ ಮಾಲೆಯ ಹತ್ತನೆಯದು 1982ರಲ್ಲಿ ಬಂದದ್ದು, ಮರದ ಹೊರಗೋಡೆಗಳ ಬಣ್ಣದ ಬಗ್ಗೆ. ಬಣ್ಣ ತೆಗೆಯಲು 600 ಪಿಎಸ್‌ಐಗಿಂತ ಹೆಚ್ಚಿನ ಒತ್ತಡದ ನೀರು ಬೇಡ, ನೀರು ಕೊಳೆಯನ್ನು ಹೊರಗೆ ತಳ್ಳುವ ಬದಲು ತಾನೇ ಮರದೊಳಕ್ಕೆ ಹೋಗುತ್ತದೆ ಅನ್ನುವುದು ಅದರ ಸಲಹೆ. 600 ಪಿಎಸ್‌ಐ ಅಂದರೆ 41 ಬಾರ್, ನಮ್ಮ ಲೆಕ್ಕದಲ್ಲಿ ಒಂದೂಮುಕ್ಕಾಲು ಜೋಗಕ್ಕೂ ಕಡಿಮೆ. ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಯಂತ್ರವೇ ಅದರ ಎರಡರಷ್ಟನ್ನು ದಾಟುತ್ತದೆ! ಬದಲಿಗೆ ಅವರು ಹೇಳಿದ ಮೃದುವಾದ ದಾರಿ ಯಾವುದು ಗೊತ್ತಾ? ಸೋಪಿನ ನೀರು, ಮೆತ್ತನೆಯ ಬ್ರಷ್ಷು, ತೋಟಕ್ಕೆ ನೀರು ಹಾಯಿಸುವ ಪೈಪು. ನಮ್ಮ ಅಜ್ಜಿ ಬಾಗಿಲು ತೊಳೆಯುತ್ತಿದ್ದದ್ದೂ ಹಾಗೇ, ಸೋಪಿನ ಬದಲು ಸೀಗೆಪುಡಿ, ಪೈಪಿನ ಬದಲು ತಂಬಿಗೆ ಅಷ್ಟೇ.

ಈಗ ನಮ್ಮೂರಿಗೆ ಬರೋಣ. ಸುಣ್ಣದಿಂದ ಎಮಲ್ಷನ್ನಿಗೆ ನಾವು ಒಂದೇ ಸಲಕ್ಕೆ ಹಾರಲಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲೇ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. (1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುತ್ತಾ ಬಂದ ಶಾಯಿ ಅಲ್ಲಿಯದೇ. ಯಾವ ಗನ್ನಿನಿಂದ ತೊಳೆದರೂ ಹೋಗದ ಬಣ್ಣ ಅಂದರೆ ಅದೊಂದೇ!) ಆಮೇಲೆ ಒಳಗೋಡೆಗೆ ಡಿಸ್ಟೆಂಪರ್ ಬಂತು, ಹೊರಗೋಡೆಗೆ ಸಿಮೆಂಟ್ ಪೇಂಟ್ ಬಂತು. ಸ್ನೋಸೆಂ ಅನ್ನುವ ಒಂದು ಕಂಪನಿಯ ಹೆಸರು ಸಿಮೆಂಟ್ ಬಣ್ಣಕ್ಕೆಲ್ಲ ಹೆಸರಾಗಿಬಿಟ್ಟಿತು. ಜೊತೆಗೆ ಏಷ್ಯನ್ ಪೇಂಟ್ಸ್‌ನ ಡಬ್ಬಿಯ ಮೇಲೆ ಬ್ರಷ್ಷು ಹಿಡಿದು ನಿಂತ ತುಂಟ ಹುಡುಗ ಗಟ್ಟು. ಅವನನ್ನು 1954ರಲ್ಲಿ ಬರೆದದ್ದು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಪೇಂಟ್ ಹಚ್ಚುವುದು ಮಕ್ಕಳಾಟದಷ್ಟು ಸುಲಭ ಅಂತ ಅವನನ್ನು ನೋಡಿದವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಹಚ್ಚುವುದು ಸುಲಭ ಹೌದು, ಅದಕ್ಕೂ ಮುಂಚಿನದು ಅಲ್ಲ.

ಯಾಕೆಂದರೆ ಸಿಮೆಂಟ್ ಪೇಂಟ್ ಬಂದಾಗಲೇ ತೊಂದರೆ ಶುರುವಾಯಿತು. ಅದು ಹಳೆಯ ಸುಣ್ಣದ ಮೇಲೆ ನಿಲ್ಲುವುದಿಲ್ಲ. ಸುಣ್ಣವನ್ನೆಲ್ಲ ಕೆರೆದು, ಗೋಡೆ ತೋಯಿಸಿ, ಹಚ್ಚಿದ ಮೇಲೂ ನೀರು ಹಾಕಿ ಕಾಯಬೇಕು. ಎಮಲ್ಷನ್ನಿನದು ಇನ್ನೊಂದು ರಗಳೆ. ಅದಕ್ಕೆ ಗೋಡೆ ಒಣಗಿರಬೇಕು, ಗಟ್ಟಿಯಾಗಿರಬೇಕು, ಪ್ರೈಮರ್ ಬೇಕು. ಸುಣ್ಣಕ್ಕೆ ಹಸಿ ಗೋಡೆ ಇಷ್ಟ, ಪ್ಲಾಸ್ಟಿಕ್ ಬಣ್ಣಕ್ಕೆ ಒಣ ಗೋಡೆ ಇಷ್ಟ. ಮೂವತ್ತು ನಲವತ್ತು ವರ್ಷದ ಸುಣ್ಣದ ಪದರಗಳನ್ನು ಕೈಯಿಂದ ಕೆರೆಯುವುದು ಅಂದರೆ ಮನೆಗೆ ವಾರಗಟ್ಟಲೆ ಧೂಳು, ಆಳುಗಳಿಗೆ ಕೆಮ್ಮು. ಹೀಗಿರುವಾಗ ನೀರಿನ ಗನ್ ಬಂದರೆ ಯಾರು ತಾನೇ ಬೇಡ ಅಂದಾರು?

ನಮ್ಮ ಮನೆಯಲ್ಲೂ ಬೇಡ ಅನ್ನಲಿಲ್ಲ. ಸಾಗರದ ಕಡೆಯ ನಮ್ಮ ಹಳೇ ಮನೆಗೆ ಮದುವೆಯ ನೆಪದಲ್ಲಿ ಬಣ್ಣ ಮಾಡಿಸಲು ಚಿಕ್ಕಪ್ಪ ಹೊರಟಿದ್ದರು. ಮುಂದಿನ ಜಗಲಿಯ ಭಾಗ ಇತ್ತೀಚಿನದು, ಸಿಮೆಂಟಿನದು. ಹಿಂದಿನದೆಲ್ಲ ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ, ಅದರ ಮೇಲೆ ಎಷ್ಟು ಯುಗಾದಿಯ ಸುಣ್ಣವೋ ಲೆಕ್ಕ ಇಟ್ಟವರಿಲ್ಲ. ಮಳೆಗಾಲದಲ್ಲಿ ಈ ಗೋಡೆಗೆ ಎರಚಲು ಬಡಿಯದಿರಲಿ ಅಂತ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ಅಲ್ಲಿನ ರೂಢಿ. ಮಳೆಯ ಎರಚಲಿಗೇ ತಟ್ಟಿ ಕಟ್ಟುವ ಗೋಡೆಗೆ ಎಂಟು ಜೋಗದ ಗನ್ ಹಿಡಿಯುವುದಾ ಅಂತ ನಾನು ಫೋನಿನಲ್ಲಿ ಕೇಳಿದ್ದಕ್ಕೆ ಚಿಕ್ಕಪ್ಪನ ಉತ್ತರ: "ಅರ್ಧ ದಿನಕ್ಕೆ ಮುಗ್ದೋಗ್ತದೆ ಮಾರಾಯ. ಕೆರೆಯೋಕೆ ನಾಲ್ಕು ಆಳು ಹುಡುಕ್ತಾ ಕೂರೋದಾ ನಾನು? ನೀನು ಬಂದು ಕೆರೀತೀಯಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಊರಿನಲ್ಲಿ ಆಳು ಸಿಗುವುದಿಲ್ಲ ಅನ್ನುವುದು ಸುಳ್ಳಲ್ಲವಲ್ಲ. ಕೊನೆಗೆ ಮೊದಲು ಕೊಟ್ಟಿಗೆಯ ಹಿಂದಿನ ಗೋಡೆಯಲ್ಲಿ ಒಂದು ಮೂಲೆಯಷ್ಟು ಹೊಡೆದು ನೋಡುವುದು ಅಂತಾಯಿತು. ಸುಣ್ಣ ಹೋಯಿತು. ಸುಣ್ಣದ ಜೊತೆ ಗಾರೆ ಹೋಯಿತು. ಗಾರೆಯ ಹಿಂದಿನ ಮಣ್ಣು ಕೆಸರಾಗಿ ಕೆಳಗೆ ಹರಿಯತೊಡಗಿತು. ಗನ್ ಹಿಡಿದ ಹುಡುಗನೇ ಗಾಬರಿಯಾಗಿ ಟ್ರಿಗರ್ ಬಿಟ್ಟ. ಅಂಗೈ ಹೂತುಹೋಗುವಷ್ಟು ಗುಂಡಿ. ಚಿಕ್ಕಪ್ಪ ಆ ಗುಂಡಿಯನ್ನೇ ನೋಡುತ್ತಾ ನಿಂತು, "ಇದನ್ನ ಕಟ್ಟಿದೋರು ಎಷ್ಟು ದಿನ ಮೆಟ್ಟಿದ್ರೇನೋ ಈ ಮಣ್ಣ" ಅಂದರಂತೆ. ಅಷ್ಟೇ. ಆಮೇಲೆ ಗನ್ ಜಗಲಿಯ ಸಿಮೆಂಟ್ ಗೋಡೆ, ಅಂಗಳದ ಕಲ್ಲು ಇವುಗಳಿಗೆ ಮಾತ್ರ. ಹಿಂದಿನ ಗೋಡೆಗಳಿಗೆ ಮೆತ್ತನೆ ಪೊರಕೆ, ಕೆರೆಯುವ ಪಟ್ಟಿ, ಮತ್ತೆ ಸುಣ್ಣ.

ಗೋಡೆಗೆ ಗುಂಡಿ ಬಿದ್ದರೆ ಕಣ್ಣಿಗೆ ಕಾಣುತ್ತದೆ, ನಿಲ್ಲಿಸುತ್ತೇವೆ. ಕಾಣದೇ ಆಗುವ ಹಾನಿ ಇನ್ನೊಂದಿದೆ. ಮಣ್ಣು, ಜಂಬಿಟ್ಟಿಗೆ, ಸುಣ್ಣದ ಗಾರೆಯ ಗೋಡೆಗಳು ಬುಡದಿಂದ ತೇವ ಎಳೆದುಕೊಳ್ಳುತ್ತವೆ, ಮೈಯಿಂದ ಆರಿಸಿಕೊಳ್ಳುತ್ತವೆ. ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ಇಂಥ ಗೋಡೆಗೆ ಗನ್ನಿನಿಂದ ಇನ್ನಷ್ಟು ನೀರು ತುಂಬಿ, ಎರಡು ದಿನ ಬಿಟ್ಟು ಮೇಲೆ ಪ್ಲಾಸ್ಟಿಕ್ ಬಣ್ಣದ ಹೊದಿಕೆ ಹಾಕಿದರೆ ಆ ತೇವ ಆರುವ ದಾರಿ ಮುಚ್ಚಿಹೋಗುತ್ತದೆ. ವರ್ಷದೊಳಗೆ ಬಣ್ಣ ಗುಳ್ಳೆ ಏಳುತ್ತದೆ, ಗಾರೆ ಟೊಳ್ಳಾಗುತ್ತದೆ, ಬಿಳಿ ಉಪ್ಪು ಉಕ್ಕುತ್ತದೆ. ಆಗ ಜನ ಏನನ್ನುತ್ತಾರೆ? "ಹಳೇ ಗೋಡೆ, ಬಣ್ಣ ಹಿಡಿಯಲ್ಲ, ಕೆಡವಿ ಕಟ್ಟಿಸಿಬಿಡಿ" ಅಂತ. ನೂರು ವರ್ಷ ನಿಂತ ಗೋಡೆಯ ಮೇಲೆ ಒಂದು ವರ್ಷದ ಬಣ್ಣದ ತಪ್ಪನ್ನು ಹೊರಿಸುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಇನ್ನು ಆಗ ಬಿಟ್ಟ ಸೀಸದ ಮಾತು. ಬಿಳಿ ಸೀಸ ಪೇಂಟರುಗಳ ಮೈಗೆ ಇಳಿದು ಕೊಲ್ಲುತ್ತದೆ ಅಂತ ಎಂದೋ ಗೊತ್ತಿತ್ತು. 1921ರಲ್ಲೇ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಟ್ಟಡಗಳ ಒಳಗಡೆ ಅದರ ಬಳಕೆ ನಿಲ್ಲಿಸುವ ಒಪ್ಪಂದ ಮಾಡಿತು. ಅಮೆರಿಕ ಮನೆಯ ಬಣ್ಣದಲ್ಲಿ ಸೀಸ ನಿಷೇಧಿಸಿದ್ದು 1978ರಲ್ಲಿ. ಅಲ್ಲಿ ಅದಕ್ಕಿಂತ ಹಳೆಯ ಮನೆಯ ಬಣ್ಣ ಕೆದಕುವ ಕಂಟ್ರಾಕ್ಟರಿಗೆ 2010ರಿಂದ ತರಬೇತಿ, ಪ್ರಮಾಣಪತ್ರ ಕಡ್ಡಾಯ. ಅಂಥ ಮನೆಗೆ ಯೋಚಿಸದೆ ಗನ್ ಹಿಡಿದರೆ ಸೀಸದ ಚಕ್ಕೆಗಳೆಲ್ಲ ಹಿತ್ತಿಲಿನ ಮಣ್ಣಿಗೆ, ಮಕ್ಕಳು ಆಡುವ ಜಾಗಕ್ಕೆ ಹಾರುತ್ತವೆ. ಅಲ್ಲಿ ಹಳೇ ಮನೆ ಕೊಂಡಿರುವ ನಮ್ಮವರು ದಯವಿಟ್ಟು ಮೊದಲು ಪರೀಕ್ಷೆ ಮಾಡಿಸಿ.

ನಮ್ಮಲ್ಲಿ? ಈ ವಿಷಯದಲ್ಲಿ ಬೆಂಗಳೂರಿಗೇ ಒಂದು ಚರಿತ್ರೆ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಅಳೆದರು. 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಬಣ್ಣದ ಸರದಿ ಬರಲು ಮತ್ತೂ ತಡವಾಯಿತು. ಸೀಸ 90 ಪಿಪಿಎಂ ಮೀರಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ನಮ್ಮ ಸುಣ್ಣದ ಗೋಡೆಯಲ್ಲಿ ಈ ಭಯ ಇಲ್ಲ. ಭಯ ಇರುವುದು ಹಳೇ ಕಿಟಕಿ, ಬಾಗಿಲು, ಗ್ರಿಲ್ಲು, ಗೇಟುಗಳ ಎಣ್ಣೆ ಬಣ್ಣದಲ್ಲಿ, ಮುಖ್ಯವಾಗಿ ಹಳದಿ, ಹಸಿರು, ಕಿತ್ತಳೆಯಲ್ಲಿ. ಅವನ್ನು ಗನ್ನಿನಿಂದ ಹಾರಿಸಬೇಡಿ, ಒಣಗಿದ್ದನ್ನು ಸ್ಯಾಂಡ್‌ಪೇಪರ್ ಹಾಕಿ ತಿಕ್ಕಬೇಡಿ. ಒದ್ದೆ ಮಾಡಿ ಕೆರೆದು, ಕೆಳಗೆ ಹಾಸಿದ ಪ್ಲಾಸ್ಟಿಕ್ಕಿನಲ್ಲೇ ಚಕ್ಕೆಯನ್ನೆಲ್ಲ ಸುತ್ತಿ ತೆಗೆಯಿರಿ. ಕೆಲಸದವರಿಗೆ ಮಾಸ್ಕ್ ಕೊಡಿ, ಮಕ್ಕಳನ್ನು ದೂರ ಇಡಿ.

ಹಾಗಾದರೆ ಗನ್ ಬೇಡವೇ ಬೇಡ ಅಂತಲ್ಲ. ಸಿಮೆಂಟ್ ಗಿಲಾವಿನ ಗಟ್ಟಿ ಗೋಡೆಗೆ, ಕಾಂಕ್ರೀಟಿಗೆ ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ಕೆರೆಯುವವರ ಎದೆಗೆ ಧೂಳು ಹೋಗುವುದನ್ನು ತಪ್ಪಿಸಿದ್ದೂ ಸಣ್ಣ ಉಪಕಾರವಲ್ಲ. ಹಿಡಿಯುವ ಕ್ರಮ ಗೊತ್ತಿರಬೇಕು ಅಷ್ಟೇ. ಪಾಚಿ ಇದ್ದಲ್ಲಿ ಮೊದಲು ಬ್ಲೀಚಿಂಗ್ ಪೌಡರಿನ ತಿಳಿನೀರು ಹಚ್ಚಿ ಹತ್ತು ನಿಮಿಷ ಬಿಡಬೇಕು. ಬೇರು ಸಾಯದ ಪಾಚಿಯನ್ನು ಎಷ್ಟು ಹಾರಿಸಿದರೂ ಮುಂದಿನ ಆಷಾಢಕ್ಕೆ ಹಾಜರ್. (ಇದಕ್ಕೆ ಯಾವುದೇ ಆಸಿಡ್ ಬೆರೆಸಬಾರದು, ವಿಷಗಾಳಿ ಏಳುತ್ತದೆ.) ನಾಜಲ್ಲುಗಳಲ್ಲಿ ಕೆಂಪು ಸೂಜಿಯಂತೆ ಒಂದೇ ಗೆರೆಗೆ ಹೊಡೆಯುತ್ತದೆ, ಅದು ಗೋಡೆಗಲ್ಲ. ಬಿಳಿ ನಾಜಲ್ ಬೀಸಣಿಗೆಯಂತೆ 40 ಡಿಗ್ರಿ ಹರಡುತ್ತದೆ, ಅದು ಸರಿ. ಎರಡು ಮೂರು ಅಡಿ ದೂರ ನಿಂತು, ಮೇಲಿಂದ ಕೆಳಕ್ಕೆ. ಹೆಂಚಿನ ಕೆಳಗೆ, ಕಿಟಕಿ ಸಂದಿಗೆ, ಕರೆಂಟಿನ ಬಾಕ್ಸಿಗೆ ಬೇಡ. ಏಣಿಯ ಮೇಲೆ ನಿಂತು ಹಿಡಿಯಬೇಡಿ, ಹಿಂದಕ್ಕೆ ಒದೆಯುತ್ತದೆ. ತಮಾಷೆಗೂ ಯಾರ ಕೈಕಾಲಿಗೆ ತಿರುಗಿಸಬೇಡಿ, ಚರ್ಮ ಸೀಳಿ ಒಳಗೇ ನೀರು ನುಗ್ಗಿಸುವಷ್ಟು ಬಲ ಅದಕ್ಕಿದೆ. ಇಷ್ಟಾದ ಮೇಲೆ ಬಿರುಕು ಮುಚ್ಚಿ, ಗೋಡೆ ಪೂರ್ತಿ ಒಣಗಲು ಬಿಡಿ. ಒಳ್ಳೆ ಬಿಸಿಲಿದ್ದರೆ ಎರಡು ಮೂರು ದಿನ, ಮೋಡವಿದ್ದರೆ ಇನ್ನೂ ಹೆಚ್ಚು. ಅರ್ಧ ದಿನದಲ್ಲಿ ತೊಳೆದು ಮುಗಿಸಿದ ಸಮಯವನ್ನು ಒಣಗುವುದಕ್ಕೆ ವಾಪಸ್ ಕೊಡಲೇಬೇಕು.

ಯಂತ್ರ ಹಿಡಿಯುವ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಇದು ಯಾವ ಗೋಡೆ? ಗೊತ್ತಿಲ್ಲದಿದ್ದರೆ ಕಾಣದ ಮೂಲೆಯಲ್ಲಿ ಸ್ವಲ್ಪ ಕೆರೆದು ನೋಡಿ. ಕೈಗೆ ಬಿಳಿ ಪುಡಿ ಹತ್ತಿ, ಅದರ ಹಿಂದೆ ಕೆಂಪು ಮಣ್ಣು ಕಂಡರೆ ಗನ್ನಿನವನಿಗೆ ಒಂದು ಕಾಫಿ ಕೊಟ್ಟು ಕಳಿಸಿ.

ಅಂದ ಹಾಗೆ, ನಿಮ್ಮೂರಿನಲ್ಲಿ ಸುಣ್ಣದ ಗೂಡು ಇನ್ನೂ ಉರಿಯುತ್ತಿದೆಯೇ? ಸುಣ್ಣಕ್ಕೆ ಏನೇನು ಬೆರೆಸುತ್ತಿದ್ದರು, ಕುಂಚ ಯಾವ ನಾರಿನದು, ಗೊತ್ತಿದ್ದವರು ಕಾಮೆಂಟಿನಲ್ಲಿ ಬರೆಯಿರಿ. ಬಳಿಯಲು ಗೊತ್ತಿರುವವರು ಮನೆಯಲ್ಲಿದ್ದರೆ ಅವರನ್ನು ಈ ಸಲವೇ ಕೇಳಿ ಬರೆದಿಟ್ಟುಕೊಳ್ಳಿ. ಸುಣ್ಣ ಸುಣ್ಣದ ಕಲ್ಲಿನಿಂದ ಎಷ್ಟು ಸಲ ಬೇಕಾದರೂ ಹುಟ್ಟುತ್ತದೆ, ಅದನ್ನು ಹದ ಮಾಡುವವರ ನೆನಪು ಹಾಗಲ್ಲ.